ಗುಳ್ಳೆ ಏಳುವ ಮೊದಲು

ಜೀವಿತಾ,

ಬೀನ್ಸ್ ಪಲ್ಯ ಒಲೆಯ ಮೇಲಿದೆ. ಬರೀ ಕಾಫಿ ಕುಡಿದು ಕೂರಬೇಡ. ನಾನೂ ದೊಡ್ಡಮ್ಮನೂ ನಿಮ್ಮ ಸಂಶೋಧನೆಗೆ ರಕ್ತ ಕೊಡಲು ಕೂನೂರಿಗೆ ಹೊರಟೆವು.

“ಗಡ್ಡೆಯೇ ಇಲ್ಲ, ರಕ್ತ ಯಾಕೆ?” ಎಂದು ಮೊನ್ನೆ ಅವಳು ನಿನ್ನನ್ನು ರೇಗಿಸಿದಳಲ್ಲ. ನಿನ್ನೆ ನಾನು ಅವಳಿಗೆ ಟೀ ತೋಟದಲ್ಲಿ ಚಿಗುರೆಲೆಯನ್ನು ಬಿಸಿಲಿಗೆ ಹಿಡಿದು, ರೋಗದ ಗುಳ್ಳೆ ಏಳುವ ಮೊದಲೇ ಕಾಣುವ ತಿಳಿ ಚುಕ್ಕೆಯನ್ನು ತೋರಿಸಿದೆ. “ಎದೆಯ ಕ್ಯಾನ್ಸರ್ ಬರೋ ಮುಂಚೆನೇ ರಕ್ತದಲ್ಲಿ, ಜೀನಿನ ಮೇಲೆ, ಇಂಥ ಗುರುತು ಸಿಗುತ್ತಾ ಅಂತ ನಮ್ಮ ಹೆಣ್ಣು ಹುಡುಕ್ತಾ ಇದೆ” ಎಂದೆ.

ಅವಳೂ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. “ನಮ್ಮವ್ವೆಗೆ ಆ ಕಾಯಿಲೆ ಬರೋ ಮುಂಚೆ ಈ ಹೆಣ್ಣು ಹುಟ್ಟಬಾರದಿತ್ತಾ?” ಎಂದಳು.

ಇನ್ನೂ ಏನೂ ಖಚಿತವಲ್ಲ ಎಂದಿದ್ದೀಯ, ಗೊತ್ತು. ಆದರೂ ನನ್ನ ರಕ್ತದಲ್ಲಿ ಏನು ಕಂಡರೂ ಮುಚ್ಚಿಡಬೇಡ ಮಗಳೇ. ನೀನು ಹೇಳಿದರೆ ನನಗೆ ಭಯವಾಗುವುದಿಲ್ಲ.

ಅಮ್ಮ