ಶೋಭಾಳಿಗೊಂದು ರಿವಾಲ್ವರ್

ಟೊರೆನ್ಸ್
ಅಕ್ಟೋಬರ್ 9, 2006

ವೀರಣ್ಣನವರಿಗೆ ರಜನಿಯ ಶರಣು ಶರಣಾರ್ಥಿ.

ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮ ಹೆಸರು ಹಿಡಿದು ಕರೆದವಳಲ್ಲ. ಈಗ ಬರೆದಿದ್ದೇನೆ, ಕೈಗೇನೂ ಆಗಲಿಲ್ಲ.

ನಿಮ್ಮ ಕವರ್ ಬಂತು. ಒಂದೇ ಕವರಿನಲ್ಲಿ ಎರಡು ಕೆಲಸ ಹೇಳಿದ್ದೀರಿ. ಡೈವೋರ್ಸ್ ಪೇಪರಿಗೆ ನಾನು ಸಹಿ ಹಾಕಬೇಕು. ಜೊತೆಗೆ ಸ್ಯಾನ್ ಡಿಯಾಗೋದ ಅಂಗಡಿಯಲ್ಲಿರುವ ಮೂರು ಸೆಕೆಂಡ್ ಹ್ಯಾಂಡ್ ರಿವಾಲ್ವರುಗಳಲ್ಲಿ ಯಾವುದು ಒಳ್ಳೆಯದೆಂದು ಹೇಳಬೇಕು. ದೀಪಾವಳಿ ಕಳೆದ ಮೇಲೆ ಶೋಭಾಳನ್ನು ಮದುವೆಯಾಗುತ್ತೀರಂತೆ, ಅವಳಿಗೆ ಉಡುಗೊರೆಯಂತೆ. ಅವಳ ರಿವಾಲ್ವರ್ ರಿಪೇರಿಗೆ ಹೋಗಿ ಶೂಟಿಂಗ್ ಪ್ರ್ಯಾಕ್ಟೀಸ್ ನಿಂತುಹೋಗಿದೆಯಂತೆ, ಪಾಪ. ಬರುವವಳ ಉಡುಗೊರೆಯನ್ನು ಇರುವವಳಿಂದ ಆರಿಸಿಕೊಳ್ಳುವ ಗಂಡಸು ಬಿಜಾಪುರ ಜಿಲ್ಲೆಯಲ್ಲಿ ನೀವೊಬ್ಬರೇ ಇರಬೇಕು. ಓದಿ ನಕ್ಕೆ. ಆಮೇಲೆ ಸಿಂಕಿನ ಮುಂದೆ ನಿಂತಾಗ ಅಳು ಬಂತು, ಅದನ್ನೂ ಹೇಳಿಬಿಡುತ್ತೇನೆ.

"ನಿನ್ನಂಥ ಕಣ್ಣು ಯಾರಿಗೂ ಇಲ್ಲ" ಎಂದು ಬರೆದಿದ್ದೀರಿ. ಅದು ನಿಜ. ದಿನವಿಡೀ ವಿಮಾನದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ತಪ್ಪಿದ್ದರೂ ಪಕ್ಕಕ್ಕೆಸೆಯುವುದೇ ನನ್ನ ಕೆಲಸ. ನೀವು ಅಂಗಡಿಗೂ ಹೋಗಿಲ್ಲ. ಮೀಟಿಂಗುಗಳ ನಡುವೆ ಫೋನು ಮಾಡಿ, ಅಂಗಡಿಯವನು ಹೇಳಿದ್ದನ್ನು ನನಗೆ ಬರೆದು ಕಳಿಸಿದ್ದೀರಿ. ನಾನು ಶನಿವಾರ ಡ್ರೈವ್ ಮಾಡಿಕೊಂಡು ಹೋಗಿ ಮೂರನ್ನೂ ಕೈಯಲ್ಲಿ ಹಿಡಿದು ನೋಡಿ ಬಂದೆ.

ಮೊದಲನೆಯದು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಹೊರಗೆ ಥಳುಕು, ಒಳಗೆ ಹುಳುಕು. ಹ್ಯಾಮರನ್ನು ನಿಧಾನವಾಗಿ ಎಳೆದರೆ, ಅದು ಕೊನೆಗೆ ತಲುಪುವ ಮೊದಲೇ ಗುಂಡು ತುಂಬುವ ಸಿಲಿಂಡರ್ ತಿರುಗಿ ತನ್ನ ಜಾಗಕ್ಕೆ ಬಂದು ಗಟ್ಟಿಯಾಗಿ ನಿಲ್ಲಬೇಕು. ಇದರದ್ದು, ನೀವು ಊಟಕ್ಕೆ ಬರುತ್ತಿದ್ದ ಹಾಗೆ, ತಡ. ಹಾಗೆ ತಡವಾಗಿ ನಿಂತರೆ ಗುಂಡು ಬ್ಯಾರಲ್ಲಿಗೆ ಓರೆಯಾಗಿ ನುಗ್ಗುತ್ತದೆ. ಬೇಡ.

ಎರಡನೆಯದರ ಸ್ಕ್ರೂಗಳ ತಲೆ ಕಿತ್ತುಹೋಗಿದೆ. ತಿಳಿಯದವರು ಯಾರೋ ಬಿಚ್ಚಿದ್ದಾರೆ, ಕೂಡಿಸಲು ಬಾರದೆ ಮಾರಿದ್ದಾರೆ. ಇಂಥವರನ್ನು ನಾನು ಹತ್ತಿರದಿಂದ ಬಲ್ಲೆ.

ಮೂರನೆಯದನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ನಲವತ್ನಾಲ್ಕರ ಬೋರ್, ಸಿಲಿಂಡರ್ ಅಲ್ಲಾಡುವುದಿಲ್ಲ, ಬ್ಯಾರಲ್ ಒಳಗೆ ಕನ್ನಡಿಯಂತಿದೆ. ಬಹಳ ಜೋಪಾನವಾಗಿಟ್ಟುಕೊಂಡವರ ಕೈಯಲ್ಲಿ ಇದ್ದದ್ದು. ಎಡಬದಿಯಲ್ಲಿ ಸ್ವಲ್ಪ ಗೀರಿದೆ ಎಂದು ಅಂಗಡಿಯವನು ಹೇಳಿದ್ದಕ್ಕೆ ಹಿಂಜರಿದಿದ್ದೀರಿ. ಗೀರು ಮೇಲಿನದು, ಗುರಿಗೆ ಅದರಿಂದೇನೂ ಆಗದು.

ಹಳೆಯ ರಿವಾಲ್ವರ್ ಎಂದರೆ ನನಗೆ ನನ್ನದೇ ನೆನಪಾಗುತ್ತದೆ. ಮೊಟ್ಟೆಯನ್ನೂ ಮುಟ್ಟದ ಮನೆತನದ ನಾವಿಬ್ಬರೂ ವಾರವಾರ ಶೂಟಿಂಗ್ ರೇಂಜಿಗೆ ಹೋಗಿ, ಗುರಿಗೆಂದು ದೂರದಲ್ಲಿ ನಿಲ್ಲಿಸಿದ ಕಬ್ಬಿಣದ ಟಗರು ಬೀಳಿಸುವುದನ್ನು ಕಲಿತೆವು. ಸಣ್ಣ ಗುಂಡು ತಗುಲಿದರೂ ಆ ಟಗರು ಜಗ್ಗುವುದಿಲ್ಲವೆಂದು ನೀವೇ ನನಗೆ ಆ ದೊಡ್ಡ ರಿವಾಲ್ವರ್ ಕೊಡಿಸಿದಿರಿ. ಆಯುಧಪೂಜೆಗೆ ಅದನ್ನು ದೇವರ ಮುಂದಿಟ್ಟು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದೆ. ಬನ್ನಿ ಕೊಡುವ ತನಕ ಆಯುಧ ಮುಟ್ಟಬಾರದೆಂದು ಒರೆಸಲಿಲ್ಲ. ನೆಂಟರ ಮನೆಯಿಂದ ನಾವು ವಾಪಸ್ ಬರುವಷ್ಟರಲ್ಲಿ ವಿಭೂತಿಯ ಕೆಳಗೆ ತುಕ್ಕು ಕಚ್ಚಿ ಮೂರು ಗೆರೆ ಉಳಿದುಬಿಟ್ಟಿತ್ತು. "ವಿಭೂತಿ ಹಚ್ಚಾಕ ಅದಕ್ಕೇನ ಹಣಿ ಐತೇನ?" ಎಂದು ಗೆಳೆಯರೆಲ್ಲರ ಎದುರು ನನ್ನನ್ನು ಆಡಿಕೊಂಡಿರಿ. ಎಲ್ಲರೂ ನಕ್ಕರು. ಆಗಷ್ಟೇ ಶೂಟಿಂಗ್ ಕಲಿಯಲು ಬರುತ್ತಿದ್ದ ಶೋಭಾ ಎಲ್ಲರಿಗಿಂತ ಹೆಚ್ಚು ನಕ್ಕಳು. ಕೆಲವು ತಿಂಗಳಲ್ಲೇ ನನ್ನ ಆ ರಿವಾಲ್ವರನ್ನು ಅವಳ ಹೆಸರಿಗೆ ಮಾಡಿಕೊಟ್ಟಿರಿ, ಅವಳ ಕೈಗೆ ಸರಿಹೋಗುತ್ತದೆಂದು. ಆಮೇಲೆ ನೀವೂ ಅವಳ ಕೈಗೆ ಸರಿಹೋದಿರಿ. ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿ ಅವಳ ಜೊತೆ ಹೊಸ ಮನೆ ಮಾಡಿದಿರಿ.

ಇನ್ನು ಪೇಪರ್ ವಿಚಾರ. ಎರಡು ವರ್ಷ ಸಹಿ ಹಾಕದಿದ್ದುದಕ್ಕೆ ಹಟಮಾರಿ ಎಂದು ಊರೆಲ್ಲ ಹೇಳಿಕೊಂಡು ಬಂದಿರಿ. ಹಟವಲ್ಲ, ನೀವು ವಾಪಸ್ ಬರುತ್ತೀರೆಂದು ಕಾಯುತ್ತಿದ್ದೆ. ಡ್ರೈವ್‌ವೇಯಲ್ಲಿ ನಿಮ್ಮ ಜಾಗದಲ್ಲಿ ಅದುವರೆಗೆ ನನ್ನ ಕಾರು ನಿಲ್ಲಿಸಿರಲಿಲ್ಲ. ಶನಿವಾರ ಅಂಗಡಿಯಿಂದ ಬಂದವಳು ಅಲ್ಲೇ ನಿಲ್ಲಿಸಿದೆ. ಒಳಗೆ ಬಂದು, ಎಲ್ಲಾ ಪುಟಕ್ಕೂ ಸಹಿ ಹಾಕಿದೆ. ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಕಾಪಿ ಆಗಲೇ ವಕೀಲರಿಗೆ ಹೋಗಿದೆ, ನಾಳೆ ನೀವೇ ಬೇಡವೆಂದರೂ ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಉಡುಗೊರೆಯನ್ನು ಒಳ್ಳೆಯ ಕಾಗದದಲ್ಲಿ ಸುತ್ತಿಸಿ, ದೀಪಾವಳಿ ಊಟದಲ್ಲಿ ಎಲ್ಲರ ಎದುರಿಗೇ ಕೊಡಿ. ಎಲ್ಲರ ಎದುರು ಮಾಡುವುದು ನಿಮಗೆ ಮೊದಲಿನಿಂದಲೂ ಇಷ್ಟ.

ಇಂದಿನವರೆಗೆ ನಿಮ್ಮವಳು,
ರಜನಿ

ಮರೆಯದೆ ಕೊನೆಗೆ ಉಳಿಸಿಕೊಂಡದ್ದು: ಆ ಮೂರನೆಯ ರಿವಾಲ್ವರಿನ ಎಡಬದಿಯನ್ನು ಬೆಳಕಿಗೆ ಹಿಡಿದರೆ ಕಾಣುವುದು ಮೂರು ಗೆರೆ. ನನ್ನ ಬೆರಳುಗಳನ್ನು ಅದರ ಮೇಲಿಟ್ಟು ನೋಡಿದೆ, ಸರಿಯಾಗಿ ಕೂತವು. ಹಿಡಿ ಮಾತ್ರ ಬದಲಾಗಿದೆ. ಅದು ರಿಪೇರಿಗೆ ಹೋಗಿರಲೇ ಇಲ್ಲ, ಶೋಭಾ ಮಾರಿದ್ದಾಳೆ. ಅಂಗಡಿಯವನಿಗೆ ಮಾತೆಂದರೆ ಪ್ರಾಣ. ನನ್ನನ್ನು ನೋಡಿ, ಇದನ್ನು ತಂದವಳೂ ನಿಮ್ಮ ದೇಶದವಳೇ ಎಂದ. ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಕೊನೆಗೆ ಒಬ್ಬಳೇ ಹೋಗುತ್ತೇನೆ, ಮನೆಯವರಿಗಿನ್ನೂ ಹೇಳಿಲ್ಲ ಎಂದಳಂತೆ. ನೀವು ಮಾತ್ರ ಏನೂ ಕೇಳಬೇಡಿ. ಸುಮ್ಮನೆ ಉಡುಗೊರೆ ಕೊಟ್ಟು, ಕಾಗದ ಬಿಚ್ಚುವಾಗ ಅವಳ ಮುಖ ನೋಡಿ. ಅದನ್ನು ನೋಡಲು ನಿಮಗೆ ನನ್ನ ಕಣ್ಣು ಬೇಕಾಗುವುದಿಲ್ಲ.