ಐದನೆಯ ಹೆಸರು

ಕೊರಿನಿಯಂ ಪಟ್ಟಣದ ಹೊರಗಿನ ಹಂಚಿನ ಭಟ್ಟಿ,
ಬಾರ್ಲಿ ಕೊಯ್ಲು ಮುಗಿದ ಮೂರನೇ ದಿನ

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ನೋವು ಹೇಗಿದೆ? ಡ್ಯಾನ್ಯೂಬ್ ದಂಡೆಯ ಚಳಿ ಮೂಳೆ ಕೊರೆಯುತ್ತದೆ ಎಂದು ನೀನು ಬರೆದಿದ್ದೆ. ಎರಡು ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಒಂದು ಜೊತೆ ನಿನಗೆ, ಇನ್ನೊಂದೂ ನಿನಗೇ. ದಳದ ಗೆಳೆಯರಿಗೆ ಹಂಚಿಬಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ನಮ್ಮ ಯಜಮಾನರು ಭಟ್ಟಿಯ ಕೆಲಸದಲ್ಲಿ ಮುಳುಗಿದ್ದಾರೆ. ಹಸಿ ಹಂಚಿನ ಮೇಲೆ ಕಡ್ಡಿಯಲ್ಲಿ ಗೀಚಿ ಅವರು ಅಕ್ಷರ ಕಲಿಸಿದ್ದಕ್ಕೇ ನಿನಗೆ ಈ ಪತ್ರ. ಅಪ್ಪನ ಎದೆನೋವು ಮಾತ್ರ ಜಾಸ್ತಿಯಾಗಿದೆ. ಆದರೆ ನಮ್ಮ ಸೋದರತ್ತೆ ಅಲೌನಾ ಬಂದರೆ ಸಾಕು, ಜಗಳಕ್ಕೆ ಎದ್ದು ಕೂರುತ್ತಾನೆ. ರೋಮಿನವರು ನಮ್ಮ ದ್ವೀಪಕ್ಕೆ ಬಂದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ, ಅದೇ ಹಳೇ ಜಗಳ. "ಅವರು ಬರೋಕ್ಮುಂಚೆ ನಮ್ಮಜ್ಜಂದಿರು ಏನ್ಮಾಡ್ತಿದ್ರು? ದನಕ್ಕೋಸ್ಕರ ಪಕ್ಕದ ಕಣಿವೆಯವರ ತಲೆ ಕಡೀತಿದ್ರು. ಈಗ ನೆಮ್ಮದಿಯಾಗಿ ನಿದ್ದೆ ಮಾಡ್ತೀವಿ," ಎಂದು ಅತ್ತೆ. "ನಮ್ಮ ಪೂಜಾರಿಗಳನ್ನ ಕೊಂದ್ರು, ಕತ್ತಿ ಕಿತ್ಕೊಂಡ್ರು. ಆ ರಸ್ತೆ ಹಾಕಿದ್ದು ಯಾಕಂತೀಯ? ನನ್ನ ಮಗನ್ನ ಬೇಗ ಕರ್ಕೊಂಡು ಹೋಗೋಕೆ!" ಎಂದು ಅಪ್ಪ. "ಅವನ ಪತ್ರ ಬರೋದೂ ಅದೇ ರಸ್ತೇಲೇ ಅಲ್ವೇನೋ?" ಎಂದು ಅತ್ತೆ ಬಾಯಿ ಮುಚ್ಚಿಸಿದಳು. ಅಪ್ಪ ಬೈಯುತ್ತಲೇ ಅವಳು ತಂದ ರೋಮಿನ ದ್ರಾಕ್ಷಾರಸ ಎರಡು ಬಟ್ಟಲು ಇಳಿಸಿದ.

ನನ್ನನ್ನು ಕೇಳಿದರೆ ಏನು ಹೇಳಲಿ? ನೀನು ಅವರ ಸೈನ್ಯಕ್ಕೆ ಹೋಗಿ ಹದಿನಾಲ್ಕು ವರ್ಷವಾಯಿತು, ಇನ್ನೂ ಹನ್ನೊಂದು ವರ್ಷ ಅವರು ಬಿಡುವುದಿಲ್ಲ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನಿನ್ನ ಪತ್ರ ಬಂದ ದಿನ ಅವರನ್ನೆಲ್ಲ ಕ್ಷಮಿಸಿಬಿಡುತ್ತೇನೆ, ಮಾರನೇ ದಿನ ಮತ್ತೆ ಸಿಟ್ಟು.

ಅತ್ತೆ ನಿನ್ನನ್ನು ತುಂಬಾ ಕೇಳಿದ್ದಾಳೆ. ಮೂವರು ತಾಯಿದೇವತೆಯರು ನಿನ್ನ ತಲೆ ಕಾಯಲಿ.

ನಿನ್ನ ತಂಗಿ,
ಎನಿಕಾ

ಮರೆತದ್ದಲ್ಲ, ಬರೆಯಲು ಹೆದರಿದ್ದೆ: ಅಪ್ಪನಿಗೆ ಹೆಸರುಗಳು ಮರೆತುಹೋಗುತ್ತಿವೆ. ಸತ್ತವನನ್ನು ಹೂಳುವಾಗ ತಲೆಯ ಬಳಿ ನಿಂತು ಯಾರಾದರೂ ಒಂಬತ್ತು ತಲೆಮಾರಿನ ಹೆಸರು ಹೇಳದಿದ್ದರೆ ಆ ಲೋಕದಲ್ಲಿರುವ ಹಿರಿಯರು ಅವನನ್ನು ಒಳಗೆ ಸೇರಿಸುವುದಿಲ್ಲವಲ್ಲ. ಪೂಜಾರಿಗಳಿದ್ದಾಗ ಅವರಿಗೆ ಎಲ್ಲರ ವಂಶವೂ ಬಾಯಿಪಾಠವಾಗಿತ್ತಂತೆ. ಈಗ ನಮ್ಮ ಮನೆಯದು ಅಪ್ಪನನ್ನು ಬಿಟ್ಟರೆ ನಿನಗೊಬ್ಬನಿಗೇ ಗೊತ್ತು. ಅದನ್ನು ಬರೆಯಕೂಡದು ಎಂಬ ಪೂಜಾರಿಗಳ ಕಟ್ಟಳೆಯೂ ನಿನಗೆ ಗೊತ್ತು. ಮೊನ್ನೆ ಅಪ್ಪ, "ಹೆಣ್ಣಾದ್ರೂ ಸರಿ, ನೀನೇ ಕಲ್ತ್ಕೊ," ಎಂದು ನನ್ನನ್ನು ಎದುರಿಗೆ ಕೂರಿಸಿಕೊಂಡು ಶುರುಮಾಡಿದ. ಐದನೆಯ ಹೆಸರಿಗೆ ನಿಂತುಬಿಟ್ಟ. ಮೊದಲಿಂದ ಹೇಳಿದ, ಮತ್ತೆ ಅಲ್ಲೇ ನಿಂತ. ಅಣ್ಣಾ, ಅಪ್ಪ ಅತ್ತುಬಿಟ್ಟ. ಬರೆದು ಕಳಿಸು ಎಂದು ನಿನ್ನನ್ನು ಕೇಳಿದರೆ ಅವನ ಮನಸ್ಸು ಮುರಿಯುತ್ತದೆ ಎಂದು ಸುಮ್ಮನಿದ್ದೆ. ಈಗ ಪತ್ರ ಕಟ್ಟುತ್ತಿದ್ದೆ, ಗೋಡೆ ಹಿಡಿದುಕೊಂಡು ಅವನೇ ಬಂದ. "ಬರಿಯೋಕೆ ಹೇಳು ಅವನಿಗೆ. ಮೇಣದ ಹಲಗೆ ಮೇಲೆ ಬೇಡ, ಅಳಿಸಿ ಹೋಗುತ್ತೆ. ಮಸೀಲೇ ಬರೀಲಿ. ಕೊನೇಲಿ ನನ್ನ ಹೆಸರೂ ಹಾಕ್ಲಿ," ಎಂದ.

ಹಿಮ ಬೀಳುವ ಮೊದಲು ಬರೆ, ಅಣ್ಣಾ.