ಗಾಳಿ ಬೇಕೋ, ಗಲಾಟೆ ಬೇಕೋ

ಗ್ಯಾರೇಜಿನ ಹಿಂದಿನ ಕೋಣೆ,
ಒಂಬತ್ತನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕಾ,

ನಿನ್ನ ತಲೆನೋವು ಹೇಗಿದೆ? ಸದ್ದೆಂದರೆ ನಿನಗೆ ಮೊದಲಿನಿಂದಲೂ ಆಗದು, ಆ ಆಫೀಸಿನಲ್ಲಿ ದಿನವಿಡೀ ಯಂತ್ರಗಳ ಗದ್ದಲ ಬೇರೆ. ಮಾತ್ರೆ ನುಂಗಿ ಸುಮ್ಮನಾಗಬೇಡ, ಡಾಕ್ಟರಿಗೆ ತೋರಿಸು. ನಾನು ಎಂದಿನಂತೆ ಇದ್ದೇನೆ, ಅಂದರೆ ಹೆದರಿಕೊಂಡು. ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಕೆಲಸ ಬಿಟ್ಟು ಮನೆಗೆ ಬಂದುಬಿಡಲಾ ಎಂದು ನೀನು ಫೋನಿನಲ್ಲಿ ಕೇಳಿದರೆ, ಅಪ್ಪ "ಅವಸರ ಬೇಡ, ಮೊದ್ಲು ಆಯಿಲ್ ನೋಡು" ಎಂದು ಫೋನ್ ಇಟ್ಟುಬಿಟ್ಟರಂತೆ. ಇನ್ನು ಫೋನೂ ಮಾಡುವುದಿಲ್ಲ, ಆ ಮನೆಗೆ ಕಾಲೂ ಇಡುವುದಿಲ್ಲ ಎಂದು ಬರೆದಿದ್ದೀಯ. ಆ ಕಾಗದವನ್ನು ಅಪ್ಪನಿಗೆ ತೋರಿಸುವ ಧೈರ್ಯವಾಗದೆ ಸ್ಪ್ಯಾನರ್ ಡಬ್ಬಿಯ ತಳದಲ್ಲಿ ಇಟ್ಟಿದ್ದೇನೆ. ಬೈದುಕೋ.

ಇದರ ನಡುವೆ ಇಲ್ಲೊಂದು ತಲೆಬಿಸಿ. ನೀನು ಡ್ರೈವಿಂಗ್ ಕಲಿತ ನಮ್ಮ ಹಳೆಯ ಕಾರಿಗೆ ಅಪ್ಪ ಹೊಸ ಏರ್ ಫಿಲ್ಟರ್ ಹಾಕಲು ಹೊರಟರು. ಕಂಪನಿಯವರು ಡಬ್ಬಿಯೊಳಗೆ ಕೂರಿಸಿ ಕೊಟ್ಟಿದ್ದಕ್ಕೆ ಏನೂ ಆಗಿರಲಿಲ್ಲ. ಬಿಡಿಭಾಗದ ಅಂಗಡಿಯವನು ಎರಡು ಬಗೆ ತಂದು ಬೆಂಚಿನ ಮೇಲಿಟ್ಟ. ಒಂದು, ಬಂಪರಿನ ಕೆಳಗಿನಿಂದ ತಣ್ಣನೆಯ ಗಾಳಿ ಎಳೆಯುವ ಉದ್ದ ಪೈಪು. ರೈಲ್ವೆ ಸೇತುವೆಯ ಕೆಳಗೆ ನಿಲ್ಲುವ ಮಳೆನೀರು ನನ್ನ ಕಣ್ಣಿಗೆ ಕಟ್ಟಿತು. ಆ ಪೈಪು ನೀರು ಕುಡಿದರೆ ಎಂಜಿನ್ನಿನ ಕಥೆ ಮುಗಿದಂತೆ. ಇನ್ನೊಂದು, ಡಬ್ಬಿಯೇ ಇಲ್ಲದೆ ಬಾನೆಟ್ಟಿನ ಕೆಳಗೆ ಬರಿಮೈಯಲ್ಲಿ ಕೂರುವ ಫಿಲ್ಟರ್. ಅದು ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತದೆ, ಓಟವೇನೂ ಹೆಚ್ಚದು, ಸದ್ದು ಮಾತ್ರ ಬೀದಿಗೆಲ್ಲ. ಅಂಥದ್ದನ್ನು ಕೇಳಿಕೊಂಡು ಬಂದ ಗಿರಾಕಿಗಳನ್ನು "ಗಾಳಿ ಬೇಕೋ, ಗಲಾಟೆ ಬೇಕೋ?" ಎಂದು ಮೂವತ್ತು ವರ್ಷ ಗದರಿದವರು ನಮ್ಮಪ್ಪ. ಈಗ ಅವರೇ ಗಲಾಟೆಯ ಕಡೆಗೆ ಕೈ ತೋರಿಸಿದರು! ಹಳೆಯದೇ ಇರಲಿ ಎಂದು ಗೋಗರೆದೆ. "ನಿಂಗೇನು ಗೊತ್ತು, ಸುಮ್ನಿರು" ಅಂದರು.

ಮೊನ್ನೆ ಕೂರಿಸಿದೆವು. ಆ ಸದ್ದಿಗೆ ಎದುರುಮನೆಯ ಟೈಲರ್ ಹೊಲಿಗೆ ನಿಲ್ಲಿಸಿ ಹೊರಗೆ ಬಂದ. ಅಪ್ಪನ ಮುಖ ಅರಳಿತ್ತು. "ಈಗ ಸರಿಯಾಗಿ ಗೊತ್ತಾಗ್ತಿದೆ" ಅಂದರು. ಏನು ಗೊತ್ತಾಗುತ್ತಿದೆ ಎಂದು ಕೇಳಲು ನನಗೆ ಭಯವಾಯಿತು. ಇವತ್ತು ಬೆಳಿಗ್ಗೆ ಗಿರಾಕಿಯೊಬ್ಬರ ಕಾರಿನ ಮೇಲೆ ಬಗ್ಗಿದ್ದರು. ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೊತ್ತಿ ಒಳಗಿನ ಸದ್ದು ಹಿಡಿಯುತ್ತಿದ್ದರಲ್ಲ, ನಮಗೂ ಕಲಿಸಿದ್ದರು. ಇವತ್ತು ಆ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು, ಅದುರಿಕೆಯಿಂದಲಾದರೂ ಒಳಗೇನಾಗಿದೆ ಎಂದು ತಿಳಿಯಲು. ಹಿಂದೆ ನಿಂತು ಎರಡು ಸಲ "ಅಪ್ಪಾ" ಎಂದೆ. ತಿರುಗಲಿಲ್ಲ. ಅಕ್ಕಾ, ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ. ಫೋನಿನಲ್ಲಿ ನೀನು ಹೇಳಿದ್ದೇನೆಂದು ಅವರಿಗೆ ಗೊತ್ತೇ ಇಲ್ಲ. ಕಾರಿನ ವಿಷಯವೆಂದುಕೊಂಡು ಬಾಯಿಗೆ ಬಂದದ್ದು ಹೇಳಿದ್ದಾರೆ. ಕಿವಿಯನ್ನೇ ನಂಬಿ ಬದುಕಿದ ಮೆಕ್ಯಾನಿಕ್ ಇದನ್ನು ಯಾರ ಮುಂದೆ ಒಪ್ಪಿಕೊಂಡಾರು? ನಾನು ಬಾಯಿಬಿಟ್ಟರೆ ಅವರಿಗೆ ಅವಮಾನ, ಬಿಡದಿದ್ದರೆ ನೀನು ದೂರವಾಗುತ್ತೀಯ.

ಮುನಿಸೆಲ್ಲ ನನ್ನ ಮೇಲಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ,
ನೀನೇ ಹೆಸರಿಟ್ಟ ಪುಕ್ಕಲ

ತಾ.ಕ.: ಲಕೋಟೆ ಅಂಟಿಸುವ ಮೊದಲು ಗಟ್ಟಿ ಮನಸ್ಸು ಮಾಡಿ ನಿನ್ನ ಕಾಗದವನ್ನು ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಆಮೇಲೆ ಹೋಗಿ ಬಾನೆಟ್ ಎತ್ತಿ ಹೊಸ ಫಿಲ್ಟರನ್ನು ತಾವೇ ಬಿಚ್ಚತೊಡಗಿದರು. "ಹಳೇ ಫಿಲ್ಟರ್ ಡಬ್ಬಿ ತಗೊಂಡು ಬಾ. ಅವಳು ಬಂದ್ರೆ ಅವಳೇ ತಾನೆ ಓಡಿಸೋದು? ಈ ಸದ್ದಿಗೆ ತಲೆ ನೋಯುತ್ತೆ ಅವಳಿಗೆ. ಇನ್ಮೇಲೆ ಎಂಜಿನ್ ನೀನು ಕೇಳಿ ನಂಗೆ ಹೇಳು" ಅಂದರು. ಫೋನ್ ಮಾಡಬೇಡ. ಯಾವ ರೈಲಿಗೆ ಬರುತ್ತೀಯ ಎಂದು ಅಪ್ಪನ ಹೆಸರಿಗೇ ಬರೆ, ದೊಡ್ಡ ಅಕ್ಷರದಲ್ಲಿ.